ದಿವಂಗತ ಡಿ. ದೇವರಾಜ ಅರಸು ಅವರು

ಪಾಠಶಾಲೆಯ ಹಾಜರಿ ಪುಸ್ತಕವನ್ನು ಲಕ್ಷ್ಯವಿಟ್ಟು ನೋಡಿದವರಿಗೆ ಅದರಲ್ಲಿ ಒಮ್ಮೊಮ್ಮೆ ದುಃಖಕರವಾದ ಒಂದು ಗೆರೆಯು ಕಾಣಿಸುವುದುಂಟು. ಜೂನ್ ತಿಂಗಳಿಂದ ದಿನವೂ ತಪ್ಪದೆ ಬರುತ್ತಿದ್ದ ಹುಡುಗಿಯೊಬ್ಬಳ ಹೆಸರಿನ ಮುಂದೆ ನವೆಂಬರಿನಲ್ಲಿ ಕೆಲವು ದಿನ ಗೈರುಹಾಜರಿಯ ಗುರುತು ಬೀಳುವುದು. ಬಳಿಕ ಆ ಹೆಸರಿನ ಮೇಲೆಯೇ ಕೆಂಪು ಶಾಯಿಯ ಗೆರೆ ಬೀಳುವುದು. ವಿಚಾರಿಸಿದರೆ ಆಕೆಗೆ ಕಾಯಿಲೆಯೂ ಇಲ್ಲ, ಓದಿನಲ್ಲಿ ಬೇಸರವೂ ಇಲ್ಲ. ಬಾಡಿಗೆ ನಿಂತುಹೋದುದರಿಂದ ಇದ್ದ ಮನೆಯನ್ನು ಬಿಡಬೇಕಾಯಿತು. ಇಲ್ಲವೆ ಸಾಲವು ಬೆಳೆದು ಸಂಸಾರವೇ ರಾತ್ರೋರಾತ್ರಿ ಊರು ಬಿಟ್ಟಿತು. ಇಂತಹ ಗೆರೆಗಳನ್ನು ನಾವು ಒಂದೆರಡಲ್ಲ, ಅನೇಕ ಕಂಡಿದ್ದೇವೆ. ಮನೆಯು ನಿಲ್ಲದಿದ್ದರೆ ವಿದ್ಯೆಯೂ ನಿಲ್ಲದು ಎಂಬ ಮಾತನ್ನು ನಾವು ಗ್ರಂಥಗಳಿಂದ ಕಲಿಯಲಿಲ್ಲ, ಆ ಹಾಜರಿ ಪುಸ್ತಕದಿಂದಲೇ ಕಲಿತೆವು.

ಆದಕಾರಣ, ಈ ಸ್ಮರಣ ಸಂಚಿಕೆಗೆ ಒಬ್ಬ ಪ್ರಖ್ಯಾತರ ಚರಿತ್ರೆಯನ್ನು ಬರೆದುಕೊಡಬೇಕೆಂದು ನಮಗೆ ಅಪ್ಪಣೆಯಾದಾಗ, ಬಡವರ ಮನೆಯನ್ನು ನಿಲ್ಲಿಸುವುದಕ್ಕಾಗಿ ನಮ್ಮ ನಾಡಿನಲ್ಲಿ ಹೆಚ್ಚಾಗಿ ಶ್ರಮಿಸಿದವರು ಯಾರೆಂದು ಯೋಚಿಸಿದೆವು. ಹಾಗೆ ಯೋಚಿಸಿದಾಗ ನಮ್ಮ ಮನಸ್ಸಿಗೆ ಬಂದ ಹೆಸರು ಶ್ರೀ ಡಿ. ದೇವರಾಜ ಅರಸು ಅವರದು. ಅವರು ಕಾಲವಾಗಿ ನಾಲ್ವತ್ತು ವರ್ಷಗಳಿಗೂ ಮೇಲಾಯಿತು. ಆದರೂ ಹಳ್ಳಿಯ ವೃದ್ಧರು ಅವರ ಹೆಸರನ್ನು ಇನ್ನೂ ಮರೆತಿಲ್ಲ. ಅವರ ಗುಣಗಳನ್ನೂ ಕೊರತೆಗಳನ್ನೂ ನಾವು ಕಂಡುಕೊಂಡಷ್ಟು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಸಂಕ್ಷೇಪವಾಗಿ ತಿಳಿಸುವೆವು.

ಮೊದಲು ನಮ್ಮ ಸೀಮೆಯ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಮ್ಮ ನಾಲ್ಕು ತಾಲ್ಲೂಕುಗಳು ಅರಸು ಅವರ ಕಾಲದಲ್ಲಿ ಬೆಂಗಳೂರು ಜಿಲ್ಲೆಗೆ ಸೇರಿದ್ದವು. 2007ರಲ್ಲಿ ರಾಮನಗರ ಜಿಲ್ಲೆಯೆಂದು ಬೇರ್ಪಟ್ಟು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಪಡೆದವು. ಬಂಡೆಗಳೂ ಕುರುಚಲು ಕಾಡೂ ತುಂಬಿದ ಸೀಮೆ ಇದು; ಮಳೆ ಬಂದರೆ ರಾಗಿ, ಬಾರದಿದ್ದರೆ ಹುರುಳಿ. ನೀರಿದ್ದ ಕಡೆ ಹಿಪ್ಪುನೇರಳೆ. ಇಲ್ಲಿಯ ಬಡವನಿಗೆ ಮನೆಯೆಂಬುದು ಮಲಗುವುದಕ್ಕೆ ಮಾತ್ರ ಬೇಕಾದ ಜಾಗವಲ್ಲ. ಕನಕಪುರ, ಮಾಗಡಿಗಳ ಕಡೆ ರೇಷ್ಮೆ ಹುಳು ಸಾಕುವ ಎಷ್ಟೋ ಸಂಸಾರಗಳಲ್ಲಿ ಹುಳುಮನೆಯೂ ವಾಸದ ಮನೆಯೂ ಒಂದೇ ಆಗಿದ್ದವು. ಹುಳು ಬೆಳೆದಂತೆಲ್ಲ ತಟ್ಟೆಗಳಿಗೂ ಚಂದ್ರಿಕೆಗಳಿಗೂ ಜಾಗ ಕೊಟ್ಟು ಮಕ್ಕಳು ಮೂಲೆಗೆ ಸರಿಯುತ್ತಿದ್ದರು. ರಾಮನಗರದಲ್ಲಿ ಗೂಡಿನಿಂದ ನೂಲು ಬಿಚ್ಚುವವರ ಒಲೆಯೂ ಬಾಣಲೆಯೂ ಮನೆಯ ಹಿತ್ತಲಲ್ಲಿಯೇ ಇರುತ್ತಿದ್ದವು. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣವನ್ನು ಏರಿಸಿ ಬೊಂಬೆ ಮಾಡುವವರು ತಮ್ಮ ಮನೆಯ ಮುಂಗೋಣೆಯಲ್ಲಿ ಕುಳಿತೇ ಆ ಕೆಲಸವನ್ನು ಮಾಡುತ್ತಿದ್ದರು. ಇಂತಹ ಸಂಸಾರವನ್ನು ಮನೆಯಿಂದ ಎಬ್ಬಿಸಿದರೆ ಅದರ ಸೂರೂ ಹೋಗುತ್ತದೆ, ಅದರ ಕಸುಬೂ ಹೋಗುತ್ತದೆ.

ಇನ್ನು ಕೂಲಿಗಾರನ ಸ್ಥಿತಿಯು ಇದಕ್ಕಿಂತಲೂ ಕನಿಷ್ಠವಾದುದು. ನಮ್ಮ ಸೀಮೆಯಲ್ಲಿ ದೊಡ್ಡಿ, ಪಾಳ್ಯ ಎಂಬ ಹೆಸರಿನಿಂದ ಮುಗಿಯುವ ಚಿಕ್ಕ ಚಿಕ್ಕ ಊರುಗಳು ಎಷ್ಟೋ ಉಂಟು. ಅವುಗಳಲ್ಲಿ ಅನೇಕವು ಸರ್ಕಾರದ ಲೆಕ್ಕದಲ್ಲಿ ಊರುಗಳೇ ಆಗಿರಲಿಲ್ಲ. ಒಡೆಯನ ಹೊಲದ ಅಂಚಿನಲ್ಲಿಯೋ ಸರ್ಕಾರದ ಬೀಳಿನಲ್ಲಿಯೋ ಆಳುಗಳು ಗುಡಿಸಲು ಕಟ್ಟಿಕೊಂಡರು. ಒಂದು ತಲೆಮಾರು, ಎರಡು ತಲೆಮಾರು ಅಲ್ಲಿಯೇ ಹುಟ್ಟಿ ಬೆಳೆದರು. ಗೋಡೆಯು ಅವರದು, ಹುಲ್ಲು ಅವರದು. ನೆಲ ಮಾತ್ರ ಬೇರೊಬ್ಬರದು. ಒಡೆಯನಿಗೆ ಎದುರು ಹೇಳಿದ ದಿನವೇ ಗುಡಿಸಲನ್ನು ಕೀಳಬೇಕು. ಕೂಲಿ ಹೆಚ್ಚಿಸಬೇಕೆಂದು ಕೇಳುವ ಧೈರ್ಯವು ಅಂಥವನಿಗೆ ಎಲ್ಲಿಂದ ಬಂದೀತು? ಮಗಳ ಮದುವೆಗೋ ರೋಗಕ್ಕೋ ನೂರು ರೂಪಾಯಿ ಸಾಲ ಮಾಡಿದರೆ ಮಗನನ್ನು ಜೀತಕ್ಕೆ ಬಿಡಬೇಕು. ನೆಲವಿಲ್ಲದುದರಿಂದ ಸಾಲ, ಸಾಲದಿಂದ ಜೀತ, ಜೀತದಿಂದ ಪುನಃ ನೆಲವಿಲ್ಲದಿರುವಿಕೆ. ಹೀಗೆ ಒಂದರೊಳಗೊಂದು ಸೇರಿ ಬಿಗಿದ ಗಂಟು ಅದು. ಆ ಗಂಟಿನ ಒಂದು ಎಳೆಯನ್ನು ಮಾತ್ರ ಬಿಚ್ಚಿದರೆ ಸಾಲದು, ಎಲ್ಲ ಎಳೆಗಳನ್ನೂ ಒಟ್ಟಿಗೆ ಸಡಿಲಿಸಬೇಕು ಎಂಬುದನ್ನು ಕಂಡುಕೊಂಡುದೇ ಅರಸು ಅವರ ಹೆಚ್ಚುಗಾರಿಕೆಯೆಂದು ನಾವು ತಿಳಿಯುತ್ತೇವೆ.

ಅವರು 1915ನೆಯ ಇಸವಿ ಆಗಸ್ಟ್ 20ನೆಯ ತಾರೀಖಿನಲ್ಲಿ ಜನಿಸಿದರು. ಅವರ ಊರು ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಅವರ ಮನೆತನವು ಮೈಸೂರಿನ ಅರಸು ಪಂಗಡಕ್ಕೆ ಸೇರಿದುದು. ಈ ಪಂಗಡದವರಿಗೂ ರಾಜಮನೆತನಕ್ಕೂ ಬಳಕೆಯುಂಟು. ಆದರೆ ಸಂಖ್ಯೆಯಲ್ಲಿ ಅವರು ಬಹು ಕೊಂಚ. ಚಲನಚಿತ್ರದಲ್ಲಿ ಹೆಸರಾದ ಕೆಂಪರಾಜ ಅರಸು ಅವರು ಇವರ ಸಹೋದರರು. ದೇವರಾಜ ಅರಸು ಅವರು ಮೈಸೂರಿನ ಅರಸು ವಿದ್ಯಾರ್ಥಿಗಳ ವಸತಿಶಾಲೆಯಲ್ಲಿದ್ದುಕೊಂಡು ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನದ ಪದವಿಯನ್ನು ಪಡೆದರು. ಅರಮನೆಯ ನೆರಳೂ ಪದವಿಯೂ ಇದ್ದ ಯುವಕನಿಗೆ ಆ ದಿವಸಗಳಲ್ಲಿ ಸರ್ಕಾರಿ ಉದ್ಯೋಗವು ದುರ್ಲಭವಾಗಿರಲಿಲ್ಲ. ಆದರೆ ಅವರು ಹಳ್ಳಿಗೆ ಹಿಂದಿರುಗಿ ಬೇಸಾಯವನ್ನು ಹಿಡಿದರು. ಆಳಿನ ಜೊತೆಗೆ ಹೊಲದಲ್ಲಿ ನಿಂತವನಿಗೆ ಆಳಿನ ಸಂಸಾರದ ಸಂಗತಿಯು ಗೊತ್ತಾಗುವಂತೆ ಕಛೇರಿಯಲ್ಲಿ ಕುಳಿತವನಿಗೆ ಗೊತ್ತಾಗದು. ಮುಂದೆ ಅವರು ಮಾಡಿಸಿದ ಕಾಯಿದೆಗಳ ಬೀಜವು ಈ ಕಲ್ಲಹಳ್ಳಿಯ ವರ್ಷಗಳಲ್ಲಿ ಬಿದ್ದಿತೆಂದು ನಾವು ಭಾವಿಸಿದರೆ ತಪ್ಪಾಗಲಾರದು.

1941ರಲ್ಲಿ ಅವರು ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಚುನಾಯಿತರಾದರು. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ನಡೆದ ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ ಹುಣಸೂರಿನಿಂದ ಶಾಸನಸಭೆಗೆ ಬಂದರು. ಅಲ್ಲಿಂದ ಮುಂದೆಯೂ ಅದೇ ಕ್ಷೇತ್ರದ ಜನರು ಅವರನ್ನು ಪುನಃ ಪುನಃ ಆರಿಸಿ ಕಳುಹಿಸಿದರು. ಆ ಸಭೆಯ ನಾಯಕರಾಗಿ ಮುಖ್ಯಮಂತ್ರಿಗಳಾಗಿದ್ದವರು ನಮ್ಮ ರಾಮನಗರ ತಾಲ್ಲೂಕಿನವರೇ ಆದ ಶ್ರೀ ಕೆಂಗಲ್ ಹನುಮಂತಯ್ಯನವರು. ಅವರ ಕಾಲದಲ್ಲಿ, 1954 ಮತ್ತು 1955ನೆಯ ಇಸವಿಗಳಲ್ಲಿ, ಇನಾಮುಗಳನ್ನು ರದ್ದುಗೊಳಿಸುವ ಕಾಯಿದೆಗಳಾದವು. ಇನಾಮು ಗ್ರಾಮಗಳಲ್ಲಿ ಒಕ್ಕಲುಗಳಿಗೂ ಸರ್ಕಾರಕ್ಕೂ ನಡುವೆ ಇದ್ದ ಇನಾಮುದಾರನ ಹಕ್ಕು ಇದರಿಂದ ಹೋಯಿತು. ಇದು ದೊಡ್ಡ ಕೆಲಸವೇ ಸರಿ. ಆದರೆ ಒಕ್ಕಲಿನ ಕೆಳಗೆ ಮತ್ತೊಬ್ಬನಿದ್ದನು, ಆತನೇ ಕೂಲಿಯವನು. ಅವನ ಗುಡಿಸಲಿಗೆ ಇನಾಮು ರದ್ದತಿಯಿಂದ ಹೊಸ ಹಕ್ಕು ಬರಲಿಲ್ಲ. ಆ ಉಳಿದ ಕೆಲಸಕ್ಕೆ ಇನ್ನೂ ಸುಮಾರು ಇಪ್ಪತ್ತು ವರ್ಷ ಕಾಯಬೇಕಾಯಿತು.

ಅರಸು ಅವರು ಈ ಮಧ್ಯದಲ್ಲಿ ಸಚಿವರಾಗಿಯೂ ಕೆಲಸ ಮಾಡಿದರು. 1969ರಲ್ಲಿ ಕಾಂಗ್ರೆಸ್ ಪಕ್ಷವು ಎರಡಾದಾಗ, ರಾಜ್ಯದ ಹಿರಿಯ ನಾಯಕರು ಬಹು ಮಂದಿ ಒಂದು ಕಡೆಗೆ ಹೋಗಲಾಗಿ, ಇವರು ಶ್ರೀಮತಿ ಇಂದಿರಾ ಗಾಂಧಿಯವರ ಕಡೆಗೆ ನಿಂತರು. 1972ನೆಯ ಇಸವಿ ಮಾರ್ಚ್ 20ರಂದು ಮುಖ್ಯಮಂತ್ರಿಗಳಾದರು. ಎತ್ತರವಾದ ಆಳು, ಕೈಯಲ್ಲಿ ಪೈಪು, ಮಿತವಾದ ಮಾತು. ಅವರ ಆಳಿಕೆಯಲ್ಲಿಯೇ 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಆದರೆ ನಮ್ಮ ಪ್ರಸ್ತುತ ವಿಷಯವು ರಾಜ್ಯದ ಹೆಸರಲ್ಲ, ಬಡವನ ಮನೆ. ಅದರ ಕಡೆಗೆ ಬರುವೆವು.

ಗಂಟಿನ ಮೊದಲನೆಯ ಎಳೆ ಮನೆಯ ನೆಲ. ಮನೆಗಳನ್ನು ಹಂಚುವೆವೆಂದು ಹೇಳುವುದು ಸುಲಭ. ಹಂಚುವುದಕ್ಕೆ ಊರ ಹತ್ತಿರ ನೆಲ ಬೇಕಷ್ಟೆ. ಅನೇಕ ಗ್ರಾಮಗಳಲ್ಲಿ ಸರ್ಕಾರಿ ಭೂಮಿಯು ದೂರದ ಕಲ್ಲುಗುಡ್ಡದಲ್ಲಿರುತ್ತಿತ್ತು. ಆದಕಾರಣ ನಿವೇಶನಗಳನ್ನು ಕೊಡುವುದಕ್ಕೋಸ್ಕರವೇ ಖಾಸಗಿ ಭೂಮಿಯನ್ನು ಪರಿಹಾರ ಕೊಟ್ಟು ವಶಪಡಿಸಿಕೊಳ್ಳಲು 1972ರ ಒಂದು ಪ್ರತ್ಯೇಕ ಕಾಯಿದೆಯು ಅಧಿಕಾರ ಕೊಟ್ಟಿತು. ಇದರ ಬಲದಿಂದ ನಿವೇಶನಗಳು ಹುಟ್ಟಿದವು. ಅವುಗಳ ಮೇಲೆ ಜನತಾ ಮನೆಗಳು ಎದ್ದವು. ಇಂದಿನವರ ಕಣ್ಣಿಗೆ ಅವು ಬಹು ಸಣ್ಣ ಮನೆಗಳು. ಆದರೆ ಮಳೆ ಬಂದರೆ ಮಕ್ಕಳನ್ನು ಎತ್ತಿಕೊಂಡು ಬೇರೊಬ್ಬರ ಜಗಲಿಗೆ ಓಡುತ್ತಿದ್ದ ತಾಯಿಗೆ ಅದು ಎಂಥ ಮನೆಯಾಗಿತ್ತೆಂಬುದನ್ನು ಆ ತಾಯಿಯೇ ಹೇಳಬೇಕು. ಪಟ್ಟಣಗಳ ಕೊಳೆಗೇರಿಗಳ ವಿಷಯದಲ್ಲಿ 1973ರ ಕಾಯಿದೆಯೊಂದಾಗಿ, 1975ರಲ್ಲಿ ಕೊಳೆಗೇರಿ ನಿರ್ಮೂಲನ ಮಂಡಳಿಯು ಏರ್ಪಟ್ಟಿತು.

ಎರಡನೆಯ ಎಳೆ ಉಳುವ ಹೊಲ. ಭೂಸುಧಾರಣೆಯ ತಿದ್ದುಪಡಿ ಕಾಯಿದೆಯು 1974ನೆಯ ಇಸವಿ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿಗೆ ಕೊಟ್ಟಿದ್ದ ಭೂಮಿಯೆಲ್ಲವೂ ಆ ದಿನದಿಂದ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನು ಅರ್ಜಿ ಹಾಕಿಕೊಂಡರೆ ಅವನ ಹೆಸರಿಗೆ ಆಗುವಂತೆ ಏರ್ಪಾಡಾಯಿತು. ಹಿಂದಿನ ಕಾಯಿದೆಗಳು ಕಾಗದದಲ್ಲಿಯೇ ಉಳಿದುದಕ್ಕೆ ಒಂದು ಕಾರಣವುಂಟು. ರೈತನು ನ್ಯಾಯಾಲಯಕ್ಕೆ ಹೋಗಿ ವಕೀಲರನ್ನು ಹಿಡಿದು ವರ್ಷಗಟ್ಟಲೆ ಅಲೆಯಬೇಕಾಗಿತ್ತು. ಅಷ್ಟರಲ್ಲಿ ಹಣವೂ ಧೈರ್ಯವೂ ಮುಗಿದುಹೋಗುತ್ತಿದ್ದವು. ಅರಸು ಅವರ ಕಾಯಿದೆಯಲ್ಲಿ ತಾಲ್ಲೂಕು ತಾಲ್ಲೂಕಿಗೂ ಭೂ ನ್ಯಾಯಮಂಡಳಿಗಳು ನೇಮಕವಾದವು. ಅಧಿಕಾರಿಯೊಬ್ಬರ ಸಂಗಡ ಊರಿನ ಕಡೆಯ ಸದಸ್ಯರೂ ಕುಳಿತರು. ಸದಸ್ಯರಲ್ಲಿ ಪರಿಶಿಷ್ಟ ಜಾತಿಯವರಿಗೂ ಸ್ಥಾನವಿತ್ತು. ಮೊದಲು ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ರೈತನು 7ನೆಯ ನಮೂನೆಯ ಅರ್ಜಿಯನ್ನು ತುಂಬಿಕೊಟ್ಟು, ತನ್ನ ಮಾತನ್ನು ತಾನೇ ಹೇಳಬಹುದಾಗಿತ್ತು. ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದು, ಸುಮಾರು 4.8 ಲಕ್ಷ ಅರ್ಜಿಗಳು ಉಳುವವರ ಪರವಾಗಿ ತೀರ್ಮಾನವಾದವು.

ಇದರಲ್ಲಿ ಹೆಚ್ಚಿನ ಪ್ರಯೋಜನವು ಗೇಣಿ ಪದ್ಧತಿಯು ಬಲವಾಗಿದ್ದ ಕರಾವಳಿಗೂ ಮಲೆನಾಡಿಗೂ ಆಯಿತೆಂಬುದನ್ನು ಒಪ್ಪಬೇಕು. ನಮ್ಮ ಬಯಲುಸೀಮೆಯಲ್ಲಿ ಗೇಣಿಯು ಅಷ್ಟು ಹರಡಿರಲಿಲ್ಲ; ಇಲ್ಲಿಯವರ ಕಷ್ಟವು ಗುಡಿಸಲಿನದು, ಸಾಲದ್ದು. ಆದರೆ ಇದೇ ಭೂಸುಧಾರಣೆಯ ಕಾಯಿದೆಯಲ್ಲಿ ಹೆಚ್ಚು ಮಂದಿಯ ಕಣ್ಣಿಗೆ ಬೀಳದ 38ನೆಯ ಪ್ರಕರಣವೊಂದುಂಟು. ಅದರ ತಾತ್ಪರ್ಯವೇನೆಂದರೆ, ಕೃಷಿ ಕೂಲಿಗಾರನು ಬೇರೊಬ್ಬರ ಭೂಮಿಯಲ್ಲಿ ಮನೆ ಮಾಡಿಕೊಂಡು ವಾಸವಾಗಿದ್ದರೆ, ಆ ಮನೆಯೂ ಅದು ನಿಂತ ನೆಲವೂ ಅದಕ್ಕೆ ಅವಶ್ಯವಾದ ಸುತ್ತಲಿನ ಜಾಗವೂ ನಿಯಮದಂತೆ ಆತನದೇ ಆಗತಕ್ಕದ್ದು. ಹೊಲದ ವಿಷಯವಾಗಿ ದೇಶವೆಲ್ಲ ಮಾತನಾಡುತ್ತಿದ್ದಾಗ, ಹೊಲದ ಅಂಚಿನ ಗುಡಿಸಲಿಗೂ ಅದೇ ಕಾಯಿದೆಯಲ್ಲಿ ಒಂದು ಜಾಗ ದೊರೆಯಿತು. ಅದು ನಮಗೆ ಸಣ್ಣ ಸಂಗತಿಯೆಂದು ತೋರುವುದಿಲ್ಲ.

ಮೂರನೆಯ ಎಳೆ ಸಾಲ. 1975ರಲ್ಲಿ ಕೇಂದ್ರ ಸರ್ಕಾರವು ಸುಗ್ರೀವಾಜ್ಞೆಯಿಂದ ಜೀತ ಪದ್ಧತಿಯನ್ನು ನಿಷೇಧಿಸಿ, ಮಾರನೆಯ ವರ್ಷ ಕಾಯಿದೆಯನ್ನು ಮಾಡಿತು. ಕರ್ನಾಟಕದಲ್ಲಿ 1976ರ ಋಣ ಪರಿಹಾರ ಕಾಯಿದೆಯು ಬಂದಿತು. ಸಣ್ಣ ರೈತರು, ಭೂಮಿಯಿಲ್ಲದ ಕೃಷಿ ಕೂಲಿಗಾರರು, ದುರ್ಬಲ ವರ್ಗದವರು ಸಾಹುಕಾರರಿಂದ ಪಡೆದಿದ್ದ ಸಾಲಗಳು ತೀರಿದುವೆಂದು ಅದು ಸಾರಿತು. ಬ್ಯಾಂಕು ಮತ್ತು ಸಹಕಾರ ಸಂಘಗಳ ಸಾಲಗಳಿಗೆ ಮಾತ್ರ ಇದು ಅನ್ವಯಿಸಲಿಲ್ಲ. ಅಷ್ಟೇ ಅಲ್ಲ, ಗಿರವಿ ಇಟ್ಟಿದ್ದ ಒಡವೆ ಪಾತ್ರೆಗಳನ್ನು ಹಿಂದಿರುಗಿಸಬೇಕೆಂದೂ ವಿಧಿಸಿತು. ಬಡವರ ಮನೆಯಲ್ಲಿ ಗಿರವಿ ಹೋಗುವ ಸಾಮಾನುಗಳಾವುವು? ಹೆಂಡತಿಯ ತಾಳಿಯ ಗುಂಡು, ತವರಿನಿಂದ ಬಂದ ತಾಮ್ರದ ಹಂಡೆ, ಕಂಚಿನ ತಟ್ಟೆ. ಸಾಲ ಮಾಡಿದವನು ಗಂಡನಾದರೂ ಮನೆಯಿಂದ ಹೊರಗೆ ಹೋದದ್ದು ಹೆಂಗಸಿನ ಸ್ವತ್ತು. ಆದಕಾರಣ ಈ ಕಾಯಿದೆಯ ಉಪಕಾರವನ್ನು ಅಡಿಗೆಮನೆಯಲ್ಲಿದ್ದವರು ಮೊದಲು ಅರಿತರೆಂದು ಹೇಳಬಹುದು.

ಇಷ್ಟಾದರೂ ಒಂದು ಅಪಾಯವು ಉಳಿದಿತ್ತು. ಬಡವನಿಗೆ ಸರ್ಕಾರದಿಂದ ಎರಡೆಕರೆ ಮಂಜೂರಾದರೆ, ಕಷ್ಟಕಾಲದಲ್ಲಿ ಆತನು ಅದನ್ನು ಅಲ್ಪ ಬೆಲೆಗೆ ಮಾರಿ, ಮೊದಲಿದ್ದ ಸ್ಥಿತಿಗೇ ಬರುತ್ತಿದ್ದನು. ಕೊಟ್ಟರೆ ಸಾಲದು, ಕೊಟ್ಟದ್ದು ನಿಲ್ಲಬೇಕು. ಅದಕ್ಕೋಸ್ಕರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಕೂಡದೆಂದು 1978ರಲ್ಲಿ ಕಾಯಿದೆಯಾಗಿ, 1979ರ ಜನವರಿ 1ರಿಂದ ಜಾರಿಗೆ ಬಂದಿತು. ನಿಯಮ ಮೀರಿ ಕೊಂಡವರಿಂದ ಭೂಮಿಯನ್ನು ಬಿಡಿಸಿ ಮೂಲ ಮಂಜೂರಾತಿದಾರನಿಗೋ ಅವನ ವಾರಸುದಾರರಿಗೋ ಕೊಡಿಸುವ ಅಧಿಕಾರವೂ ಅದರಲ್ಲಿತ್ತು. ಇದನ್ನು ಪ್ರಶ್ನಿಸಿದವರ ವಾದವನ್ನು ಕೇಳಿ ಸುಪ್ರೀಂ ಕೋರ್ಟು 1984ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ಬೆಂಗಳೂರು ಬೆಳೆದು ನಮ್ಮ ತಾಲ್ಲೂಕುಗಳ ನೆಲದ ಬೆಲೆಯು ಏರಿದ ಈ ದಿವಸಗಳಲ್ಲಿ ಈ ಕಾಯಿದೆಯ ಬೆಲೆಯು ಹಿಂದೆಂದಿಗಿಂತಲೂ ಹೆಚ್ಚಾಗಿ ತಿಳಿಯುತ್ತದೆ.

ಇದರ ಜೊತೆಗೆ ಹಿಂದುಳಿದ ವರ್ಗಗಳ ಸ್ಥಿತಿಯನ್ನು ವಿಚಾರಿಸುವುದಕ್ಕಾಗಿ ಶ್ರೀ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ 1972ರಲ್ಲಿ ಆಯೋಗವೊಂದನ್ನು ನೇಮಿಸಿದುದೂ, 1975ರಲ್ಲಿ ಅದರ ವರದಿಯು ಬಂದುದೂ ಎಲ್ಲರಿಗೂ ತಿಳಿದ ವಿಷಯ. ಮನೆಯು ನಿಂತ ಮೇಲೆ ಆ ಮನೆಯ ಮಕ್ಕಳಿಗೆ ಶಾಲೆಯಲ್ಲಿಯೂ ಉದ್ಯೋಗದಲ್ಲಿಯೂ ದಾರಿ ತೆರೆಯಬೇಕೆಂಬುದೇ ಇದರ ಉದ್ದೇಶವಾಗಿತ್ತು.

ಚರಿತ್ರೆಯನ್ನು ಬರೆಯುವವರು ಹೊಗಳಿಕೆಯನ್ನು ಮಾತ್ರ ಬರೆದರೆ ಓದುವವರಿಗೆ ಅನ್ಯಾಯ ಮಾಡಿದಂತಾಗುವುದು. ಅರಸು ಅವರು ಅಧಿಕಾರದಲ್ಲಿದ್ದ ಕಾಲದಲ್ಲಿಯೇ, 1975ರಿಂದ 1977ರ ವರೆಗೆ, ದೇಶದಲ್ಲಿ ತುರ್ತು ಪರಿಸ್ಥಿತಿಯಿತ್ತು. ವಿರೋಧ ಪಕ್ಷದವರು ಅನೇಕರು ವಿಚಾರಣೆಯಿಲ್ಲದೆ ಬಂಧನದಲ್ಲಿದ್ದರು. ಆ ಆಳಿಕೆಯಲ್ಲಿ ಅವರೂ ಪಾಲುಗಾರರಾಗಿದ್ದರೆಂಬುದನ್ನು ಮರೆಯಲಾಗದು. ಅವರ ಸರ್ಕಾರದ ಮೇಲೆ ಅಕ್ರಮಗಳ ಆರೋಪಗಳು ಬಂದು, 1977ರಲ್ಲಿ ಕೇಂದ್ರ ಸರ್ಕಾರವು ವಿಚಾರಣಾ ಆಯೋಗವನ್ನು ನೇಮಿಸಿತು. ಅದರಿಂದ ಅವರ ಹೆಸರಿಗೆ ಕುಂದು ತಟ್ಟಿತು. ಇನ್ನು ಕಾಯಿದೆಗಳ ವಿಷಯ. ಭೂಮಿಯು ಗೇಣಿದಾರನಿಗೆ ಸಿಕ್ಕಿತೇ ಹೊರತು, ಗೇಣಿಯೂ ಇಲ್ಲದ ಕೂಲಿಯವನಿಗೆ ಬಹು ಸ್ವಲ್ಪವೇ ಸಿಕ್ಕಿತು. ಸಾಲವು ರದ್ದಾದ ಮೇಲೆ ಸಾಹುಕಾರನು ಪೆಟ್ಟಿಗೆಯನ್ನು ಮುಚ್ಚಿದನು. ಆದರೆ ಬಡವನ ಮನೆಯಲ್ಲಿ ರೋಗವೂ ಮದುವೆಯೂ ಬಿತ್ತನೆಯೂ ನಿಲ್ಲುವುದಿಲ್ಲ. ಹೊಸ ಸಾಲಕ್ಕೆ ಬ್ಯಾಂಕಿನ ಬಾಗಿಲು ಅಷ್ಟು ಬೇಗ ತೆರೆಯಲಿಲ್ಲ. ಹಗ್ಗವನ್ನು ಕತ್ತರಿಸಿದುದು ಸರಿ. ಬಿದ್ದವನು ಹಿಡಿದುಕೊಳ್ಳುವುದಕ್ಕೆ ಊರುಗೋಲನ್ನು ಸಕಾಲದಲ್ಲಿ ಕೊಡದೆ ಹೋದುದು ಕೊರತೆ.

ಇಲ್ಲಿ ಬೇರೊಂದು ದೇಶದ ಹೆಣ್ಣುಮಗಳೊಬ್ಬಳ ನೆನಪು ನಮಗೆ ಬರುತ್ತದೆ. 1838ರಲ್ಲಿ ಹುಟ್ಟಿ 1912ರಲ್ಲಿ ಕಾಲವಾದ ಆಕ್ಟೇವಿಯಾ ಹಿಲ್ ಎಂಬಾಕೆಯು 1865ರಲ್ಲಿ ಲಂಡನ್ ನಗರದ ಬಡವರ ಬೀದಿಯೊಂದರಲ್ಲಿ ಮೂರು ಮನೆಗಳನ್ನು ನೋಡಿಕೊಳ್ಳಲು ತೊಡಗಿದಳು. ಅವುಗಳನ್ನು ಕೊಳ್ಳಲು ಹಣ ಕೊಟ್ಟವರು ಗ್ರಂಥಕರ್ತರಾದ ಜಾನ್ ರಸ್ಕಿನ್ನರು. ಹಾಕಿದ ಬಂಡವಾಳಕ್ಕೆ ನೂರಕ್ಕೆ ಐದರಂತೆ ಆದಾಯ ಬರಬೇಕೆಂಬ ಏರ್ಪಾಡಿತ್ತು. ಹಿಲ್ ಅವರೂ ಅವರು ತರಬೇತು ಕೊಟ್ಟ ಹೆಂಗಸರೂ ವಾರ ವಾರವೂ ಮನೆ ಮನೆಗೆ ಹೋಗಿ ಬಾಡಿಗೆಯನ್ನು ಎತ್ತುತ್ತಿದ್ದರು. ಹೋದಾಗ ಸೋರುವ ಸೂರನ್ನು ನೋಡುವರು. ಕೆಲಸವಿಲ್ಲದವನಿಗೆ ರಿಪೇರಿಯ ಕೆಲಸವನ್ನು ಕೊಡುವರು. ಕಾಸು ಕಾಸಾಗಿ ಉಳಿಸುವುದನ್ನು ಕಲಿಸುವರು. ಬಾಡಿಗೆಯ ವಿಷಯದಲ್ಲಿ ಆಕೆ ಬಹು ಕಟ್ಟುನಿಟ್ಟು. ಅದು ಅತಿಯಾಯಿತೆಂದು ಆಕ್ಷೇಪಿಸಿದವರೂ ಉಂಟು. ಆದರೆ ಆಕೆ ಮಾಡಿದ ಕೆಲಸಕ್ಕೂ ಅರಸು ಅವರು ಮಾಡಿದ ಕೆಲಸಕ್ಕೂ ಇರುವ ವ್ಯತ್ಯಾಸವನ್ನು ನೋಡಿರಿ. ಆಕೆಯ ಬಳಿ ಶಾಸನದ ಬಲವಿರಲಿಲ್ಲ, ವಾರ ವಾರದ ಭೇಟಿಯಿತ್ತು. ಅರಸು ಅವರಿಗೆ ಶಾಸನದ ಬಲವಿತ್ತು. ಆದರೆ ಶಾಸನವು ಮನೆ ಮನೆಗೆ ನಡೆದುಕೊಂಡು ಹೋಗಲಾರದು. ಎರಡೂ ಸೇರಿದರೆ ಮಾತ್ರ ಕೆಲಸವು ಪೂರ್ಣವಾಗುವುದು.

ಅರಸು ಅವರ ಕಡೆಯ ವರ್ಷಗಳನ್ನು ಬೇಗನೆ ಹೇಳಿ ಮುಗಿಸುವೆವು. 1977ರ ಡಿಸೆಂಬರ್ 31ರಂದು ಅವರ ಮೊದಲನೆಯ ಆಡಳಿತವು ಮುಗಿಯಿತು. 1978ರ ಚುನಾವಣೆಯಲ್ಲಿ ಗೆದ್ದು, ಫೆಬ್ರವರಿ 28ರಂದು ಪುನಃ ಮುಖ್ಯಮಂತ್ರಿಗಳಾದರು. 1979ರಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರಿಗೂ ಅವರಿಗೂ ಭಿನ್ನಾಭಿಪ್ರಾಯ ಬಂದು ಬೇರೆಯಾದರು. ಮಾರನೆಯ ವರ್ಷ ಜನವರಿಯಲ್ಲಿ ಅಧಿಕಾರವನ್ನು ಬಿಟ್ಟರು. ನಿನ್ನೆಯ ವರೆಗೆ ಬಾಗಿಲಲ್ಲಿ ಕಾದಿದ್ದವರು ಬಹು ಮಂದಿ ಇಂದು ಬೇರೆ ಬಾಗಿಲಿಗೆ ಹೋದರು. ಲೋಕದ ರೀತಿ ಇದೇ ಅಲ್ಲವೇ? 1982ನೆಯ ಇಸವಿ ಜೂನ್ 6ರಂದು ಅವರು ಕಾಲವಾದರು. ಆಗ ಅವರಿಗೆ 66 ವರ್ಷ ವಯಸ್ಸು.

ಅವರು ಹೋದ ಮೇಲೆಯೂ ಅವರು ಹಿಡಿದ ಎಳೆಗಳು ತುಂಡಾಗಲಿಲ್ಲ. ನಾವು ಮೊದಲು ಹೇಳಿದ ದೊಡ್ಡಿ, ಪಾಳ್ಯಗಳನ್ನು ನೆನಪಿಗೆ ತಂದುಕೊಳ್ಳಿರಿ. ಭೂಸುಧಾರಣಾ ಕಾಯಿದೆಗೆ 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ, ದಾಖಲೆಯಿಲ್ಲದ ಹಟ್ಟಿ, ಹಾಡಿ, ತಾಂಡಾ, ದೊಡ್ಡಿ, ಪಾಳ್ಯಗಳ ನಿವಾಸಿಗಳಿಗೆ ತಾವು ವಾಸಿಸುವ ಮನೆಯ ನೆಲದ ಹಕ್ಕನ್ನು ಕೊಡುವ ಮಾರ್ಗವಾಯಿತು. ಗುಡಿಸಲಿನ ನೆಲದ ವಿಷಯವಾಗಿ ಅದೇ ಕಾಯಿದೆಯಲ್ಲಿ ಮೊದಲಾದ ಕೆಲಸವು ನಾಲ್ವತ್ತು ವರ್ಷಗಳ ಮೇಲೆ ಹೀಗೆ ಮುಂದುವರಿಯಿತು.

ಸಾಲದ ಕಥೆಯೂ ಮುಗಿದಿಲ್ಲ. ಹಳೆಯ ಸಾಹುಕಾರನ ಜಾಗಕ್ಕೆ ವಾರದ ಕಂತಿನ ಸಾಲ ಕೊಡುವವರು ಬಂದರು. ಒಂದು ಸಂಘದ ಕಂತನ್ನು ಕಟ್ಟಲು ಮತ್ತೊಂದು ಕಡೆ ಸಾಲ, ಅದನ್ನು ಕಟ್ಟಲು ಮೂರನೆಯ ಕಡೆ ಸಾಲ. ವಸೂಲಿಗೆ ಬಂದವರು ಬಾಗಿಲಲ್ಲಿ ಕುಳಿತು ಅವಮಾನಪಡಿಸಿದುದರಿಂದ 2025ರ ಆರಂಭದಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟುವು. ಅದೇ ಫೆಬ್ರವರಿಯಲ್ಲಿ ಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ, ಬಲಾತ್ಕಾರದ ವಸೂಲಿಗೆ 10 ವರ್ಷಗಳ ವರೆಗೆ ಸೆರೆಮನೆಯನ್ನೂ 5 ಲಕ್ಷ ರೂಪಾಯಿಗಳ ವರೆಗೆ ದಂಡವನ್ನೂ ವಿಧಿಸಿತು. ನೋಂದಣಿಯಿಲ್ಲದವರು ದುರ್ಬಲರಿಗೆ ಕೊಟ್ಟ ಸಾಲವು ತೀರಿತೆಂದೂ ಸಾರಿತು. 1976ರ ಕಾಯಿದೆಯನ್ನು ಬಲ್ಲವರಿಗೆ ಈ ಮಾತುಗಳು ಹೊಸವಾಗಿ ಕೇಳಿಸಲಾರವು. ರೋಗವು ಮರುಕಳಿಸಿದೆ, ಔಷಧವೂ ಮರುಕಳಿಸಿದೆ.

ಈ ಚರಿತ್ರೆಯನ್ನು ಓದಿದ ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನಮ್ಮ ಒಂದೆರಡು ವಿಜ್ಞಾಪನೆಗಳುಂಟು. ನಮ್ಮಲ್ಲಿ ಯಾರೂ ಶಾಸನಗಳನ್ನು ಮಾಡುವ ಸ್ಥಾನದಲ್ಲಿಲ್ಲದಿರಬಹುದು. ಆದರೆ ಆಗಿರುವ ಶಾಸನವನ್ನು ಅದು ಸಲ್ಲಬೇಕಾದವರ ಬಾಗಿಲಿಗೆ ಮುಟ್ಟಿಸುವ ವಿದ್ಯೆಯು ನಮ್ಮಲ್ಲುಂಟು. ನಿಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸಿನ ಹಕ್ಕುಪತ್ರವು ಎಲ್ಲಿದೆ, ಯಾರ ಹೆಸರಿನಲ್ಲಿದೆ ಎಂದು ಕೇಳಿರಿ. ತಗಡಿನ ಪೆಟ್ಟಿಗೆಯಲ್ಲಿ ಗೆದ್ದಲು ತಿನ್ನುತ್ತಿರುವ ಕಾಗದವೇ ಒಮ್ಮೊಮ್ಮೆ ಒಂದು ಸಂಸಾರದ ಸರ್ವಸ್ವವಾಗಿರುವುದು. ಅದರ ಪ್ರತಿಯನ್ನು ಮಾಡಿಸಿ, ತಂದೆಯ ಹೆಸರಿನಲ್ಲಿರುವ ಖಾತೆಯನ್ನು ಮಕ್ಕಳ ಹೆಸರಿಗೆ ಮಾಡಿಸಲು ಅರ್ಜಿಯನ್ನು ಬರೆದುಕೊಡಿರಿ. ಬೆರಳೊತ್ತು ಹಾಕುವ ಮುನ್ನ ಸಾಲದ ಪತ್ರವನ್ನು ಓದಿ ಬಡ್ಡಿಯನ್ನು ಲೆಕ್ಕ ಹಾಕಿ ತಿಳಿಸಿರಿ. ಗಣಿತದಲ್ಲಿ ನೀವು ಕಲಿತ ಬಡ್ಡಿಯ ಲೆಕ್ಕವು ಪರೀಕ್ಷೆಗೆ ಮಾತ್ರವೆಂದು ತಿಳಿದಿದ್ದೀರಾ? ಸ್ತ್ರೀಶಕ್ತಿ ಸಂಘಗಳಲ್ಲಿ ಲೆಕ್ಕ ಬರೆಯಬಲ್ಲವಳು ಒಬ್ಬಳಿದ್ದರೆ ಹತ್ತು ಹದಿನೈದು ಮನೆಗಳು ನಿಲ್ಲುವುವು.

ಪೋಷಕರೇ, ಕಷ್ಟ ಬಂದಾಗ ಅದನ್ನು ಶಾಲೆಗೆ ತಿಳಿಸಲು ನಾಚಬೇಡಿರಿ. ಬಾಡಿಗೆಯ ಮನೆಯನ್ನು ಬಿಡಬೇಕಾದರೂ ಮಗಳ ವಿದ್ಯೆಯನ್ನು ಬಿಡಿಸಬೇಕಾಗಿಲ್ಲ. ಮೊದಲು ತಿಳಿದರೆ ದಾರಿಯನ್ನು ಹುಡುಕಬಹುದು, ಗೆರೆ ಎಳೆದ ಮೇಲೆ ತಿಳಿದರೆ ಹುಡುಕುವುದು ಕಷ್ಟ.

ದೇವರಾಜ ಅರಸು ಅವರು ಗಂಟಿನ ಎಳೆಗಳನ್ನು ಗುರುತಿಸಿ, ತಮ್ಮ ಶಕ್ತಿಯಿದ್ದಷ್ಟು ಬಿಚ್ಚಿ ಹೋದರು. ಬಿಚ್ಚದೆ ಉಳಿದವು ನಮ್ಮ ಕೈಯಲ್ಲಿವೆ. ನಮ್ಮ ಹಾಜರಿ ಪುಸ್ತಕದಲ್ಲಿ ಜೂನ್ ತಿಂಗಳಲ್ಲಿ ಬರೆದ ಹೆಸರುಗಳೆಲ್ಲವೂ ಮುಂದಿನ ಏಪ್ರಿಲಿನ ವರೆಗೆ ಕೆಂಪು ಗೆರೆಯಿಲ್ಲದೆ ಉಳಿಯುವ ಒಂದು ವರ್ಷವನ್ನು ಕಾಣಬೇಕೆಂಬುದೇ ನಮ್ಮ ಆಶೆ.